ಸಾಮಾಜಿಕ ಜಾಲತಾಣಗಳಲ್ಲಿ ಗ್ರಾಹಕರ ದೂರು: ಪರಿಹಾರದ ಕ್ರಮ

ಹಿಂದೆ ಸರಕಿನಲ್ಲಿ ದೋಷ ಕಂಡುಬಂದರೆ ಗ್ರಾಹಕನು ಅಂಗಡಿಗೆ ಬಂದು ಹೇಳುತ್ತಿದ್ದನು, ಇಲ್ಲವೇ ಪತ್ರ ಬರೆಯುತ್ತಿದ್ದನು. ದೂರು ಮಾರಿದವನ ಮತ್ತು ಕೊಂಡವನ ನಡುವೆಯೇ ಉಳಿಯುತ್ತಿತ್ತು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಎಕ್ಸ್ (2023ರ ಜುಲೈವರೆಗೆ ಟ್ವಿಟರ್) ಮುಂತಾದ ಜಾಲತಾಣಗಳು ಬಂದ ಮೇಲೆ ಅದೇ ದೂರು ಸಾರ್ವಜನಿಕರ ಎದುರು ದಾಖಲಾಗುತ್ತಿದೆ. ಸಂಸ್ಥೆಯ ಉತ್ತರವನ್ನೂ, ಅದರ ಮೌನವನ್ನೂ ಮುಂದಿನ ಗ್ರಾಹಕರು ಗಮನಿಸುತ್ತಾರೆ.

ಉಪೇಕ್ಷೆಯ ಬೆಲೆ

2008ರಲ್ಲಿ ಅಮೆರಿಕದ ಯುನೈಟೆಡ್ ವಿಮಾನಯಾನ ಸಂಸ್ಥೆಯಲ್ಲಿ ಪ್ರಯಾಣಿಸಿದ ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರ ಗಿಟಾರ್ ಸಾಗಣೆಯಲ್ಲಿ ಮುರಿಯಿತು. ದುರಸ್ತಿಗೆ ತಗುಲಿದ ವೆಚ್ಚ ಸುಮಾರು 1,200 ಡಾಲರ್. ತಿಂಗಳುಗಟ್ಟಲೆ ವ್ಯವಹರಿಸಿದರೂ ಪರಿಹಾರ ದೊರೆಯಲಿಲ್ಲ. 2009ರ ಜುಲೈನಲ್ಲಿ ಅವರು ಈ ಸಂಗತಿಯನ್ನೇ ಹಾಡಾಗಿಸಿ ಯೂಟ್ಯೂಬ್‌ನಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಅದನ್ನು ವೀಕ್ಷಿಸಿದರು. ಬಳಿಕ ಸಂಸ್ಥೆಯು ಸಂಗೀತ ಶಿಕ್ಷಣ ಸಂಸ್ಥೆಯೊಂದಕ್ಕೆ 3,000 ಡಾಲರ್ ದೇಣಿಗೆ ನೀಡಿತಾದರೂ ಆಗಬೇಕಾದ ಹಾನಿ ಅಷ್ಟರಲ್ಲಿ ಆಗಿಹೋಗಿತ್ತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಅಮೆರಿಕದ ಕೇಬಲ್ ಸಂಸ್ಥೆ ಕಾಮ್‌ಕಾಸ್ಟ್. ಸೇವೆಯ ಬಗ್ಗೆ ವ್ಯಾಪಕ ಟೀಕೆಗೆ ಗುರಿಯಾಗಿದ್ದ ಈ ಸಂಸ್ಥೆಯ ಅಧಿಕಾರಿ ಫ್ರ್ಯಾಂಕ್ ಎಲಿಯಾಸನ್ 2008ರಲ್ಲಿ ಟ್ವಿಟರ್‌ನಲ್ಲಿ ಗ್ರಾಹಕ ಸೇವೆಗೆಂದೇ ಪ್ರತ್ಯೇಕ ಖಾತೆ ತೆರೆದು, ಸಂಸ್ಥೆಯನ್ನು ದೂರುವವರನ್ನು ತಾವಾಗಿಯೇ ಹುಡುಕಿ ನೆರವು ನೀಡತೊಡಗಿದರು. ಇಂದು ಅನೇಕ ಕಂಪನಿಗಳು ಅನುಸರಿಸುತ್ತಿರುವುದು ಇದೇ ಮಾದರಿಯನ್ನು.

ಕಾರ್ಯವಿಧಾನ

ಮೊದಲನೆಯದು ಗಮನಿಸುವಿಕೆ. ದೂರುವವರೆಲ್ಲರೂ ಸಂಸ್ಥೆಯ ಖಾತೆಯನ್ನು ನೇರವಾಗಿ ಉದ್ದೇಶಿಸಿ ಬರೆಯುವುದಿಲ್ಲ. ಆದ್ದರಿಂದ ಸಂಸ್ಥೆಯ ಹಾಗೂ ಸರಕಿನ ಹೆಸರನ್ನು ದಿನಕ್ಕೊಮ್ಮೆಯಾದರೂ ಹುಡುಕಿ ನೋಡಬೇಕು.

ಎರಡನೆಯದು, ದೂರು ತಲುಪಿದೆ ಎಂಬುದನ್ನು ಬಹಿರಂಗವಾಗಿ ಬೇಗನೆ ತಿಳಿಸುವುದು. ಪರಿಹಾರಕ್ಕೆ ಎರಡು ದಿನ ಬೇಕಾಗಬಹುದು. ಸ್ವೀಕೃತಿಗೆ ಎರಡು ನಿಮಿಷ ಸಾಕು.

ಮೂರನೆಯದು, ಬಿಲ್ ಸಂಖ್ಯೆ, ದೂರವಾಣಿ, ವಿಳಾಸಗಳನ್ನು ಖಾಸಗಿ ಸಂದೇಶದ ಮೂಲಕವೇ ಪಡೆಯುವುದು. ಇವನ್ನು ಬಹಿರಂಗವಾಗಿ ಕೇಳಿದರೆ, ಗ್ರಾಹಕ ಸೇವೆಯ ಸೋಗಿನಲ್ಲಿ ಹಣ ಲಪಟಾಯಿಸುವ ವಂಚಕರಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

ನಾಲ್ಕನೆಯದು, ದೂರನ್ನು ಸಂಸ್ಥೆಯ ದೂರು ಪುಸ್ತಕದಲ್ಲಿ ಕ್ರಮಸಂಖ್ಯೆಯೊಂದಿಗೆ ನಮೂದಿಸುವುದು. ಉತ್ತರಿಸುವ ಸಿಬ್ಬಂದಿಗೆ ಒಂದು ಮಿತಿಯವರೆಗೆ ಸರಕು ಬದಲಿಸುವ ಅಥವಾ ಹಣ ಹಿಂತಿರುಗಿಸುವ ಅಧಿಕಾರವಿರಬೇಕು. ಅದಿಲ್ಲದಿದ್ದರೆ ಜಾಲತಾಣದ ಉತ್ತರ ಬರಿಯ ಉಪಚಾರವಾಗುತ್ತದೆ.

ಕೊನೆಯದಾಗಿ, ಪರಿಹಾರವಾದ ಸಂಗತಿಯನ್ನು ಮೂಲ ದೂರಿನ ಕೆಳಗೇ ತಿಳಿಸಬೇಕು. ತಿಂಗಳಿಗೊಮ್ಮೆ ದೂರುಗಳನ್ನು ಕಾರಣವಾರು ವಿಂಗಡಿಸಬೇಕು. ಪ್ಯಾಕಿಂಗ್, ಸಾಗಣೆ, ಕಚ್ಚಾ ಸಾಮಗ್ರಿ ಇವುಗಳಲ್ಲಿ ತಪ್ಪು ಎಲ್ಲಿದೆಯೆಂಬುದು ಆಗ ಸ್ಪಷ್ಟವಾಗುತ್ತದೆ. ಇಡೀ ವ್ಯವಸ್ಥೆಯ ಮುಖ್ಯ ಲಾಭ ಇದೇ.

ವಹಿಸಬೇಕಾದ ಎಚ್ಚರ

ನ್ಯಾಯವಾದ ದೂರನ್ನು ಅಳಿಸಿಹಾಕುವುದು ಸಲ್ಲದು. ಅದರ ಚಿತ್ರ ಆಗಲೇ ಮತ್ತೊಬ್ಬರ ಮೊಬೈಲ್‌ನಲ್ಲಿ ಉಳಿದಿರುತ್ತದೆ. ಎಲ್ಲರಿಗೂ ಒಂದೇ ಸಿದ್ಧ ಉತ್ತರ ಅಂಟಿಸುವುದೂ ಅಸಮಾಧಾನವನ್ನು ಹೆಚ್ಚಿಸುತ್ತದೆ. ಬಹಿರಂಗವಾಗಿ ದೂರಿದವರಿಗೆ ಮಾತ್ರ ಬೇಗ ಪರಿಹಾರ ನೀಡಿ ದೂರವಾಣಿಯಲ್ಲಿ ಕೇಳಿದವರನ್ನು ಕಾಯಿಸಿದರೆ, ಕ್ರಮೇಣ ಎಲ್ಲರೂ ಬೀದಿಗೆ ಬಂದೇ ಮಾತನಾಡುತ್ತಾರೆ. ಎರಡೂ ಕಡೆ ಒಂದೇ ನಿಯಮವಿರಬೇಕು.

ಕಾನೂನಿನ ಹೊಣೆ

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ 2020ರ ಜುಲೈನಲ್ಲಿ ಜಾರಿಗೆ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯು ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ಇ-ವಾಣಿಜ್ಯ ತಾಣಗಳ ಮೂಲಕ ಮಾರುವ ವರ್ತಕರೂ ಇಂತಹ ಅಧಿಕಾರಿಯನ್ನು ನೇಮಿಸಬೇಕಾಗುತ್ತದೆ. ಗ್ರಾಹಕನು ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದಾವೆ ಹೂಡಲು ಕಾಯ್ದೆ ಅವಕಾಶ ನೀಡಿದೆ. ಅಂದರೆ ಹುಬ್ಬಳ್ಳಿಯ ತಯಾರಕನು ದೂರದ ರಾಜ್ಯವೊಂದರಲ್ಲಿ ಉತ್ತರಿಸಬೇಕಾದೀತು. ಆರಂಭದಲ್ಲೇ ದೂರನ್ನು ಬಗೆಹರಿಸುವುದು ಈ ದೃಷ್ಟಿಯಿಂದಲೂ ಮಿತವ್ಯಯದ ಮಾರ್ಗ.

ಸಣ್ಣ ಉದ್ದಿಮೆಗಳಿಗೆ

ಇದಕ್ಕಾಗಿ ಪ್ರತ್ಯೇಕ ವಿಭಾಗವೇ ಬೇಕೆಂದಿಲ್ಲ. ಜವಾಬ್ದಾರಿ ಹೊತ್ತ ಒಬ್ಬ ನೌಕರ, ಒಂದು ಮೊಬೈಲ್, ಒಂದು ದೂರು ಪುಸ್ತಕ ಸಾಕು. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಕೆಲಸದ ವೇಳೆಯನ್ನು ತಿಳಿಸುವ, ದೂರುಗಳಿಗೆ ಗುರುತುಪಟ್ಟಿ ಹಚ್ಚುವ ಅನುಕೂಲಗಳಿವೆ. ದೋಷಯುಕ್ತ ಸರಕನ್ನು ಬದಲಿಸುವ ವೆಚ್ಚ ತಯಾರಕನದೋ ಡೀಲರನದೋ ಎಂಬುದನ್ನು ಮಾತ್ರ ಮೊದಲೇ ಲಿಖಿತವಾಗಿ ನಿಶ್ಚಯಿಸಿಕೊಳ್ಳಬೇಕು. ಇವರಿಬ್ಬರ ವಾದದ ನಡುವೆ ಗ್ರಾಹಕನು ಕಾಯುವಂತಾದರೆ ಎಷ್ಟು ಸೌಜನ್ಯದ ಉತ್ತರವಿದ್ದರೂ ಅದು ನಿಷ್ಪ್ರಯೋಜಕ.