ಜನರ ಭಯವೂ ಇತಿಹಾಸದ ಸಾಕ್ಷ್ಯವೂ: ಐಹೊಳೆ–ಬಾದಾಮಿಗಳ ಕೆಲವು ನಿದರ್ಶನಗಳು

ಹಾಳುಬಿದ್ದ ಕಟ್ಟಡದಲ್ಲಿ ದೆವ್ವವಿದೆಯೆಂಬ ನಂಬಿಕೆ ನಮ್ಮ ನಾಡಿಗೆ ಹೊಸತಲ್ಲ. ಬಾಗಿಲು ಮುಚ್ಚಿದ ಹಳೆಯ ಶಾಲೆಗೂ ಮುಳ್ಳುಕಂಟಿ ಬೆಳೆದ ಪಾಳುಗುಡಿಗೂ ಇಂಥದೊಂದು ಕಥೆ ಅಂಟಿಕೊಂಡಿರುವುದುಂಟು. ಅಂಥ ಸ್ಥಳವು ರಕ್ಷಿತ ಸ್ಮಾರಕವೋ ವಸ್ತುಸಂಗ್ರಹಾಲಯವೋ ಆದೊಡನೆ ಕಲ್ಲು ಒಳಗೆ ಬರುತ್ತದೆ, ಕಥೆ ಹೊರಗುಳಿಯುತ್ತದೆ. ಇದರಿಂದ ಇತಿಹಾಸದ ಅಧ್ಯಾಪಕನಿಗಾಗುವ ಲಾಭನಷ್ಟಗಳೇನೆಂಬುದನ್ನು ಬಾಗಲಕೋಟೆ ಜಿಲ್ಲೆಯ ಎರಡು ಸ್ಥಳಗಳ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿದ್ಯಾರ್ಥಿಗಳೊಡನೆ ನಾವು ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡ್ಡವನ್ನೇರಿದೆವು. ರವಿಕೀರ್ತಿಯ ಕ್ರಿ. ಶ. ೬೩೪ರ ಶಾಸನವನ್ನು ಎಲ್ಲರೂ ಕುತೂಹಲದಿಂದ ನೋಡಿದರು. ಆದರೆ ಬಸದಿಯ ಹಿಂಭಾಗದ ಬಂಡೆಯ ಮೇಲೆ, ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ‘ಮೋರ್ಯರ ಮನೆ’ಗಳ ಬಳಿಗೆ ಬರಲು ಒಬ್ಬ ವಿದ್ಯಾರ್ಥಿ ಒಪ್ಪಲಿಲ್ಲ. ಅಂಥ ಕಲ್ಲುಮನೆಗಳೊಳಗೆ ಇಣುಕಬಾರದೆಂದು ಅವನ ಅಜ್ಜಿ ಹೇಳಿದ್ದರಂತೆ. ಉಳಿದವರು ನಕ್ಕರು. ಹಿಂದೊಮ್ಮೆಯಾಗಿದ್ದರೆ ನಾವೂ ಅದನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದೆವು.

ಮೋರ್ಯರೆಂದರೆ ಗೇಣುದ್ದದ ಕುಳ್ಳರೆಂದೂ ಈ ಚಿಕ್ಕ ಮನೆಗಳು ಅವರ ವಾಸಸ್ಥಾನವೆಂದೂ ಜನರ ಹೇಳಿಕೆ. ಸುರಪುರ ಸೀಮೆಯ ಇಂಥ ರಚನೆಗಳನ್ನು ೧೮೫೦ರ ದಶಕದಲ್ಲಿ ವರ್ಣಿಸಿದ ಮೆಡೋಸ್ ಟೇಲರನೂ ಈ ಐತಿಹ್ಯವನ್ನು ಗುರುತಿಸಿದ್ದಾನೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿಯೂ ಇದೇ ಹೆಸರು ಕೇಳಿಬರುತ್ತದೆ. ವಾಸ್ತವದಲ್ಲಿ ಇವು ಬೃಹತ್ ಶಿಲಾಯುಗದ ಸಮಾಧಿಗೆ ಸಂಬಂಧಿಸಿದ ರಚನೆಗಳು. ಬಹುಮಟ್ಟಿಗೆ ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನಕ್ಕೆ ಸೇರಿದವು. ಮನೆ ಚಿಕ್ಕದಾಗಿರುವುದು ನಿವಾಸಿಗಳು ಕುಳ್ಳರಾಗಿದ್ದುದರಿಂದಲ್ಲ, ಅದು ಬದುಕಿದವರ ಮನೆಯೇ ಅಲ್ಲದುದರಿಂದ. ಹಾಗಾದರೆ ಅಜ್ಜಿಯ ಎಚ್ಚರಿಕೆಯಲ್ಲಿ ಸಾವಿನ ಸುಳಿವಿತ್ತೆನ್ನಬಹುದೇ? ಇಲ್ಲಿ ಆತುರ ಸಲ್ಲದು. ಎರಡು ಸಾವಿರಕ್ಕೂ ಮಿಕ್ಕಿದ ವರ್ಷಗಳ ನೆನಪು ಅವಿಚ್ಛಿನ್ನವಾಗಿ ಉಳಿದು ಬಂದಿತೆನ್ನಲು ಆಧಾರವಿಲ್ಲ. ಈ ಕಥೆ ಕಟ್ಟಿದವರ ವಿಷಯಕ್ಕೆ ಸಾಕ್ಷಿಯಲ್ಲ. ಕಾಲಾಂತರದಲ್ಲಿ ಅವುಗಳ ನಡುವೆ ಬಾಳಿದವರ ಮನೋಧರ್ಮಕ್ಕೆ ಸಾಕ್ಷಿ.

ಬಾದಾಮಿಯಲ್ಲಿ ಗೊಂದಲಕ್ಕೆ ಕಾರಣ ಶಬ್ದ. ಅಗಸ್ತ್ಯತೀರ್ಥದ ಪೂರ್ವದಂಡೆಯ ಭೂತನಾಥ ಗುಡಿಯ ಹೆಸರು ಕೇಳಿ ವಿದ್ಯಾರ್ಥಿಗಳು ದೆವ್ವವನ್ನೇ ನೆನೆದರು. ಭೂತಗಣಗಳ ಒಡೆಯನೆಂಬ ಅರ್ಥದಲ್ಲಿ ಅದು ಶಿವನ ಹೆಸರು. ವಾತಾಪಿ–ಇಲ್ವಲರ ಕಥೆಯೂ ಹೀಗೆಯೇ ವಿಚಾರಾರ್ಹ. ಮಹಾಭಾರತದ ವನಪರ್ವದಲ್ಲಿ ಇಲ್ವಲನ ಪಟ್ಟಣ ಮಣಿಮತಿ. ವಾತಾಪಿಯೆಂಬ ಹೆಸರಿನ ಸಾಮ್ಯದಿಂದ ಆ ರಾಕ್ಷಸರ ಕಥೆ ಇಲ್ಲಿ ನೆಲೆಯೂರಿತೆಂದು ತೋರುತ್ತದೆ. ಕ್ರಿ. ಶ. ೫೪೩ರಲ್ಲಿ ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದುದು ಮಾತ್ರ ಬಂಡೆಯ ಮೇಲಿನ ಬರಹದಿಂದ ತಿಳಿದ ಸಂಗತಿ. ಹೊಂಡದ ಬಳಿಯ ಸಂಗ್ರಹಾಲಯವು ೧೯೭೯ರಲ್ಲಿ ಶಿಲ್ಪಗಳನ್ನು ಕಾಪಾಡುವ ಕೊಟ್ಟಿಗೆಯಾಗಿ ಆರಂಭವಾಗಿ ೧೯೮೨ರಲ್ಲಿ ಸಂಗ್ರಹಾಲಯವಾಯಿತು. ಲಜ್ಜಾಗೌರಿಯ ಶಿಲ್ಪವನ್ನು ಅಲ್ಲಿ ಹತ್ತಿರದಿಂದ ನೋಡಬಹುದು.

ಜನರಿಟ್ಟ ಹೆಸರು ವಿದ್ವಾಂಸರನ್ನೂ ದಾರಿತಪ್ಪಿಸಬಲ್ಲುದು. ಐಹೊಳೆಯ ದುರ್ಗದ ಗುಡಿಗೆ ಆ ಹೆಸರು ದುರ್ಗಾದೇವಿಯಿಂದ ಬಂದುದಲ್ಲ, ಕೋಟೆಯಿಂದ ಬಂದುದು. ಅಲ್ಲಿಯ ಶಾಸನ ಹೇಳುವುದು ಆದಿತ್ಯನ ಆಲಯವೆಂದು. ಲಾಡಖಾನನ ಗುಡಿ ಅಲ್ಲಿ ವಾಸವಾಗಿದ್ದವನ ಹೆಸರನ್ನು ಹೊತ್ತಿದೆ. ಹೆಸರು ತಪ್ಪಾದರೂ ಅದರೊಳಗೊಂದು ಚರಿತ್ರೆಯಿದೆ: ದೇವರಿಲ್ಲದ ಗುಡಿ ಮನುಷ್ಯರಿಗೆ ಆಶ್ರಯವಾದ ಚರಿತ್ರೆ. ಸುತ್ತಲಿನ ಮನೆಗಳು ತೆರವಾದಂತೆ ಸ್ಮಾರಕ ಕಣ್ಣಿಗೆ ಸ್ಪಷ್ಟವಾಗುತ್ತದೆ, ನಿಜ. ಆದರೆ ಈ ಎರಡನೆಯ ಚರಿತ್ರೆಯನ್ನು ಹೇಳಬಲ್ಲವರು ದೂರವಾಗುತ್ತಾರೆ.

ಆದುದರಿಂದ ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ದೆವ್ವದ ಕಥೆಯನ್ನು ನಂಬಬೇಕಾಗಿಲ್ಲ, ನಗುವುದೂ ಬೇಡ. ಹೇಳಿದವರು ಯಾರು, ಎಲ್ಲಿ, ಯಾರಿಂದ ಕೇಳಿದರು ಎಂಬುದನ್ನು ವಿದ್ಯಾರ್ಥಿಗಳಿಂದ ಬರೆಯಿಸಬೇಕು. ಅನಂತರ ಅದನ್ನು ಶಾಸನದ ಮತ್ತು ಉತ್ಖನನದ ಪಕ್ಕದಲ್ಲಿಟ್ಟು ತೂಗಬೇಕು. ಗುಡ್ಡದಿಂದಿಳಿಯುವಾಗ ಆ ವಿದ್ಯಾರ್ಥಿಗೆ ನಾವು ಇದನ್ನೇ ಹೇಳಿದೆವು. ಅಜ್ಜಿಯ ಮಾತನ್ನು ಅವಳ ಮಾತಿನಲ್ಲಿಯೇ ಬರೆದು ತರುವುದಾಗಿ ಅವನು ಒಪ್ಪಿಕೊಂಡನು. ಕಲ್ಲು ಇನ್ನೂ ಬಹುಕಾಲ ಉಳಿದೀತು. ಹೇಳುವ ನಾಲಗೆಗೆ ಅಷ್ಟು ಆಯುಷ್ಯವಿಲ್ಲ.