ಎಸ್‌ಎಸ್‌ಪಿ ಅಂದ್ರ ಪೊಲೀಸ್ ಸಾಹೇಬ್ರೇನ್ರಿ?

ಕಳೆದ ವರ್ಷ ತಂಗಿಯ ಮಗ ಮಂಗಳೂರು ಹೊರವಲಯದ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ. ಮೊದಲ ತಿಂಗಳು ಅವನ ಪಿಜಿಗೆ ಹೋದಾಗ ಮೊಬೈಲ್ ಮುಂದೆ ಹಿಡಿದು, "ಮಾಮ, ಇದೊಂದು ಓದಿ ನೋಡಿ" ಅಂದ. ಕ್ಲಾಸ್ ಗ್ರೂಪಿಗೆ ಬಂದ ಸಂದೇಶ: "ಸಿಎಸ್‌ಇ ಎ ಸೆಕ್ಷನ್‌ನವರು ಯುಎಸ್‌ಎನ್ ಬರೆದು ಸಿಆರ್ ಕೈಗೆ ಕೊಡಿ. ಸಿಐಇ ಶಾರ್ಟೇಜ್ ಲಿಸ್ಟ್ ಎಚ್‌ಒಡಿ ರೂಮಿನ ಹೊರಗಿದೆ. ಎಸ್‌ಎಸ್‌ಪಿ ಇ-ಅಟೆಸ್ಟೇಶನ್‌ಗೆ ಶುಕ್ರವಾರ ಕೊನೆ."

ಪಕ್ಕದ ಮಂಚದಲ್ಲಿದ್ದ ಹುಡುಗ ಸಿಂದಗಿ ತಾಲೂಕಿನ ಹಳ್ಳಿಯವನು. ಅಬ್ಬಾ ಸಂತೆಯಲ್ಲಿ ಬಟ್ಟೆ ಮಾರುತ್ತಾರೆ. ಮನೆಯಲ್ಲಿ ಪಿಯುಸಿ ದಾಟಿದವನು ಅವನೊಬ್ಬನೇ. ಮೆಲ್ಲಗೆ ಕೇಳಿದ, "ಸರ, ಎಸ್‌ಎಸ್‌ಪಿ ಅಂದ್ರ ಪೊಲೀಸ್ ಸಾಹೇಬ್ರೇನ್ರಿ? ನಮ್ಮ ಸರ್ಟಿಫಿಕೇಟ್ ಅವ್ರ ಹತ್ರ ಯಾಕ್ ಒಯ್ಬೇಕ್ರಿ?"

ನಾವು ನಕ್ಕೆವು, ಅವನೂ ನಕ್ಕ. ಆಮೇಲೆ ಗೊತ್ತಾಯಿತು, ಆ ಶುಕ್ರವಾರ ಆಗಲೇ ಕಳೆದು ಎರಡು ದಿನವಾಗಿತ್ತು. ಎಸ್‌ಎಸ್‌ಪಿ ಎಂದರೆ ರಾಜ್ಯ ಸರಕಾರದ ವಿದ್ಯಾರ್ಥಿವೇತನ ಪೋರ್ಟಲ್. ಅಲ್ಪಸಂಖ್ಯಾತರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹೋಗುವುದು ಅದರ ಮೂಲಕವೇ. ದಾಖಲೆಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸಿಕೊಳ್ಳುವುದೇ ಇ-ಅಟೆಸ್ಟೇಶನ್. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಆದರೆ ಆ ಅರ್ಧ ನಿಮಿಷ ಅವನಿಗೆ ಕೊಟ್ಟವರು ಯಾರೂ ಇರಲಿಲ್ಲ. ಕೇಳಲು ಅವನಿಗೆ ನಾಚಿಕೆ.

ಆ ಸಂಜೆ ಅವನು ಇನ್ನಿಬ್ಬರನ್ನು ಕರೆತಂದ. ವಿಜಯಪುರ–ಮಂಗಳೂರು ರೈಲಿನಲ್ಲಿ ಒಟ್ಟಿಗೆ ಬಂದು ದೋಸ್ತಿಯಾದವರು. ಒಬ್ಬ ಇಂಡಿಯ ನಿಂಬೆಹಣ್ಣಿನ ವ್ಯಾಪಾರಿಯ ಮಗ, ಇನ್ನೊಬ್ಬ ಮುದ್ದೇಬಿಹಾಳದಿಂದ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವನು. ಚಹಾ ತರಿಸಿ ಕುಳಿತೆವು. ಇಂಡಿಯ ಹುಡುಗನ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದಾಗಿತ್ತು.

"ಸರ, ನಮ್ಮೂರ ಬಸ್ಸಿನ ಮ್ಯಾಲೆ ಕಲ್ಯಾಣ ಕರ್ನಾಟಕ ಅಂತ ಬರ್ದೈತಿ. ಹೊಳಿ ದಾಟಿದ್ರ ಅಫಜಲಪುರ. ಅಲ್ಲಿ ಹುಡುಗ್ರಿಗೆ ಎಚ್‌ಕೆ ಸೀಟು ಐತಿ, ನಮಗ್ಯಾಕ ಇಲ್ರಿ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ವಿಜಯಪುರ ಜಿಲ್ಲೆಯಲ್ಲಿ ಓಡುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸುಗಳೇ. ಆದರೆ ಸಂವಿಧಾನದ 371ಜೆ ವಿಧಿ ಬಸ್ಸಿನ ಬೋರ್ಡು ನೋಡಿ ಬಂದದ್ದಲ್ಲ. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿ ಹಳೆಯ ಹೈದರಾಬಾದ್ ಸಂಸ್ಥಾನದ ಭಾಗಗಳನ್ನು ಗಮನದಲ್ಲಿಟ್ಟು ಮಾಡಿದ್ದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಅದರಲ್ಲಿವೆ. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದರೂ ಸೇರಿತು, ಅದರಿಂದ ಬೇರ್ಪಟ್ಟ ವಿಜಯನಗರವೂ ಒಳಗಿದೆ. ವಿಜಯಪುರ ಇದ್ದದ್ದು ಮುಂಬೈ ಪ್ರಾಂತದಲ್ಲಿ. ಹಾಗಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲೂಕು ಹೊರಗೆ. ಮಳೆ, ಬೆಳೆ, ಬಡತನ ಹೊಳೆಯ ಎರಡೂ ದಡದಲ್ಲಿ ಹೆಚ್ಚುಕಡಿಮೆ ಒಂದೇ. ಇದು ನ್ಯಾಯವೇ ಎಂದು ಅವನು ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ.

ಕಟ್‌ಆಫ್ ಪಟ್ಟಿಯಲ್ಲಿ ಎಚ್ ಅಕ್ಷರ ಸೇರಿದ ಸಾಲಿನ ರ‍್ಯಾಂಕ್ ನೋಡಿ, "ನನಗೂ ಈ ಕಾಲೇಜು ಸಿಗ್ತೈತಿ" ಎಂದು ಲೆಕ್ಕ ಹಾಕಿದ್ದನಂತೆ ಅವನು. ಆಪ್ಷನ್ ಎಂಟ್ರಿಯಲ್ಲಿ ಅದನ್ನೇ ನಂಬಿ ನಾಲ್ಕೇ ಕಾಲೇಜು ಬರೆದ. ಮೊದಲ ಸುತ್ತಿನಲ್ಲಿ ಒಂದೂ ಸಿಗಲಿಲ್ಲ. ತಂದೆ ಅಥವಾ ತಾಯಿಯ ಹುಟ್ಟೂರು ಆ ಜಿಲ್ಲೆಗಳಲ್ಲಿದ್ದರೆ ಅಲ್ಲಿನ ಸಹಾಯಕ ಆಯುಕ್ತರ ಕಚೇರಿಯಲ್ಲಿ ಅರ್ಹತಾ ಪ್ರಮಾಣಪತ್ರದ ಬಗ್ಗೆ ಕೇಳಿ ನೋಡಬಹುದು. ಉಳಿದವರು ಎಚ್ ಇಲ್ಲದ ಸಾಲನ್ನೇ ನೋಡಬೇಕು.

ಆ ಸಾಲಿನಲ್ಲಿ ನಮ್ಮವರಿಗೆ ಬರುವುದು 2ಬಿ. ಶೇ 4ರ ಈ ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಆಗಿನ ಸರಕಾರ ಕೈಬಿಟ್ಟು ಆದೇಶಿಸಿತ್ತು. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಬಂದಾಗ, ಸದ್ಯ ಜಾರಿ ಮಾಡುವುದಿಲ್ಲ ಎಂದು ಹೇಳಿದ್ದರಿಂದ 2ಬಿ ಉಳಿದುಕೊಂಡಿದೆ. ಪಟ್ಟಿಯಲ್ಲಿ ಅದರ ಬೆನ್ನಿಗೆ ಇನ್ನೊಂದು ಅಕ್ಷರ ಇರುತ್ತದೆ. ಜಿ ಅಂದರೆ ಸಾಮಾನ್ಯ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಸೀಟು ಒಳಗೇ ತೆಗೆದಿಡುತ್ತಾರೆ. ಒಂದರಿಂದ ಹತ್ತನೇ ತರಗತಿವರೆಗಿನ ಶಾಲೆ ಹಳ್ಳಿಯಲ್ಲಿತ್ತೇ ಎಂಬುದೇ ಗ್ರಾಮೀಣದ ಲೆಕ್ಕ. ಸಿಂದಗಿಯ ಹುಡುಗ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿದವನು. ಆದರೂ ಅರ್ಜಿಯಲ್ಲಿ ಗ್ರಾಮೀಣ ಎಂದು ಗುರುತು ಹಾಕಿರಲಿಲ್ಲ. "ಅದು ರೈತರ ಮಕ್ಕಳಿಗೆ ಅಂದ್ಕೊಂಡಿದ್ದೆ ಸರ" ಅಂದ. ನಾನು ಚಹಾದ ಗ್ಲಾಸ್ ಕೆಳಗಿಟ್ಟೆ.

ನಮ್ಮ ಕರಾವಳಿಯ ಉಮ್ಮಂದಿರಿಗೂ ಒಂದು ಮಾತು. ಬಿಐಟಿ ಎಂದ ಕೂಡಲೇ ನಮ್ಮ ಕಿವಿಗೆ ಬೀಳುವುದು ಇನ್ನೋಳಿಯ ಬ್ಯಾರೀಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಬೆಂಗಳೂರಿನವರಿಗೆ ಬಿಐಟಿ ಅಂದರೆ ವಿ.ವಿ. ಪುರದ ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಆಪ್ಷನ್ ಎಂಟ್ರಿಯಲ್ಲಿ ಹೆಸರು ನೋಡಿ ಒತ್ತಬೇಡಿ, ಪರೀಕ್ಷಾ ಪ್ರಾಧಿಕಾರ ಕೊಟ್ಟ ಕಾಲೇಜು ಸಂಕೇತ ನೋಡಿ. ಅಲ್ಲೇ ಎಸ್‌ಎನ್‌ಕ್ಯು ಎಂಬುದೂ ಕಾಣುತ್ತದೆ. ಕಾಲೇಜಿನ ಸೀಟುಗಳ ಮೇಲೆ ಶೇ 5 ಹೆಚ್ಚುವರಿಯಾಗಿ ಸಿಗುವ, ಬೋಧನಾ ಶುಲ್ಕ ಮಾಫಿ ಇರುವ ಸೀಟು ಅದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗೆ ಇರಬೇಕು. ಫೀಸಿಗೆ ಆಭರಣ ಅಡವಿಡುವ ಮುಂಚೆ ಇದನ್ನೊಮ್ಮೆ ನೋಡಿ. ಸಿಇಟಿ ಮೂಲಕ ಸೀಟು ಸಿಕ್ಕ ಮಕ್ಕಳಿಗೆ ಕೆಎಂಡಿಸಿ, ಅಂದರೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವೂ ಇದೆ, ಅದಕ್ಕೆ ಶೇ 2 ಸೇವಾ ಶುಲ್ಕ.

ಕಾಲೇಜಿನೊಳಗೆ ಹೋದ ಮೇಲೆ ಬರುವ ಅಕ್ಷರಗಳಲ್ಲಿ ಹೆಚ್ಚಿನವು ಕ್ಯಾಂಟೀನಿನಲ್ಲೇ ಕಲಿತುಹೋಗುತ್ತವೆ. ಸಿಆರ್ ಅಂದರೆ ತರಗತಿಯ ಪ್ರತಿನಿಧಿ, ಎಚ್‌ಒಡಿ ಅಂದರೆ ವಿಭಾಗದ ಮುಖ್ಯಸ್ಥರು, ಇವನ್ನು ಯಾರೂ ಬಹಳ ದಿನ ತಪ್ಪು ತಿಳಿಯುವುದಿಲ್ಲ. ತಡವಾಗಿ ತಿಳಿದರೆ ಒಂದು ಸೆಮಿಸ್ಟರನ್ನೇ ನುಂಗುವುದು ಸಿಐಇ. ವಿಟಿಯುವಿನ 2022ರ ಸ್ಕೀಮಿನಲ್ಲಿ ಕಾಲೇಜಿನೊಳಗಿನ ಟೆಸ್ಟು, ಅಸೈನ್‌ಮೆಂಟುಗಳಿಗೆ 50 ಅಂಕ, ಅದು ಸಿಐಇ. ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 50, ಅದು ಎಸ್‌ಇಇ. ಸಿಐಇಯಲ್ಲಿ 20 ಬಾರದಿದ್ದರೆ ಎಸ್‌ಇಇಗೆ ಕೂರಲು ಬಿಡುವುದಿಲ್ಲ. ರಿಸಲ್ಟ್‌ನಲ್ಲಿ ಎಫ್ ಬಂದರೆ ಫೇಲು. ಎನ್‌ಇ ಬಂದರೆ ಪರೀಕ್ಷೆ ಬರೆಯಲು ಅರ್ಹತೆಯೇ ಇರಲಿಲ್ಲ ಎಂದು ಅರ್ಥ. ಹಾಜರಾತಿ ಶೇ 85 ಬೇಕು. ಊರಿಗೆ ಒಂದು ರಾತ್ರಿ ಒಂದು ಹಗಲು ಪ್ರಯಾಣ ಮಾಡುವ ಮಕ್ಕಳು ಹಬ್ಬಕ್ಕೆಂದು ಹೋಗಿ ಎರಡು ವಾರ ನಿಂತರೆ ಲೆಕ್ಕ ತಪ್ಪುವುದು ಇಲ್ಲೇ. ಸ್ವಾಯತ್ತ ಕಾಲೇಜುಗಳ ನಿಯಮ ಬೇರೆ ಇರಬಹುದು, ಸ್ಕೀಮೂ ಬದಲಾಗುತ್ತದೆ. ಸೇರಿದ ವಾರವೇ ಈ ಎರಡು ಅಂಕೆಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಯುಎಸ್‌ಎನ್ ಬಗ್ಗೆ ಹೇಳುವಾಗ ಎಲ್ಲರಿಗೂ ಖುಷಿಯಾಯಿತು. ಹತ್ತು ಅಕ್ಷರಗಳ ಈ ಸಂಖ್ಯೆ ಒಂದು ಸಣ್ಣ ಜಾತಕ. ಮೊದಲ ಅಂಕೆ ವಿಟಿಯುವಿನ ಪ್ರಾದೇಶಿಕ ವಲಯ: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ನಮ್ಮ ಮಂಗಳೂರಿನ ಮಕ್ಕಳದು 4. ಆಮೇಲೆ ಕಾಲೇಜಿಗೆ ಎರಡು ಅಕ್ಷರ, ಸೇರಿದ ವರ್ಷ, ಬ್ರ್ಯಾಂಚು, ಕ್ರಮಸಂಖ್ಯೆ. ಡಿಪ್ಲೊಮಾದಿಂದ ಬಂದವರ ಕ್ರಮಸಂಖ್ಯೆ 400ರಿಂದ ಶುರು. ಮುದ್ದೇಬಿಹಾಳದ ಹುಡುಗ ಹಾಯೆಂದು ಉಸಿರುಬಿಟ್ಟ. "ಕ್ಲಾಸಿನ್ಯಾಗ ಅರವತ್ತು ಮಂದಿ ಅದೀವಿ, ನನ್ನ ನಂಬರ್ ನಾಕನೂರಾ ಮೂರು ಯಾಕಂತ ವಿಚಾರ ಮಾಡ್ತಿದ್ದೆ."

ಅವನ ಅಕ್ಕನ ಮಗಳು ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ಹೋಗಿ ಬಿಎಲ್‌ಡಿಇಎ ಸಂಸ್ಥೆಯ ಹಳಕಟ್ಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾಳೆ. ಅಲ್ಲಿಯ ಯುಎಸ್‌ಎನ್ ಶುರುವಾಗುವುದು 2ಬಿಎಲ್ ಎಂದು. ತನ್ನ ನಂಬರು ನೋಡಿ ಆಕೆ, "ನಾವು 2ಬಿ ಅಂತ ನಂಬರಿನ್ಯಾಗೂ ಬರದಾರ ನೋಡ್ರಿ" ಎಂದು ಸಿಟ್ಟಾಗಿದ್ದಳಂತೆ. ಲಿಂಗಾಯತ ಗೆಳತಿಯ ನಂಬರಿನಲ್ಲೂ ಅದೇ 2ಬಿ ಕಂಡ ಮೇಲೆ ಸಮಾಧಾನವಾಯಿತು.

ಮೊನ್ನೆ ಮತ್ತೆ ಆ ಪಿಜಿಗೆ ಹೋಗಿದ್ದೆ. ಸಿಂದಗಿಯ ಹುಡುಗನಿಗೆ ಕಳೆದ ವರ್ಷದ ವಿದ್ಯಾರ್ಥಿವೇತನ ಕೊನೆಗೂ ಸಿಗಲಿಲ್ಲ. ಈ ವರ್ಷದ ಅರ್ಜಿ ಮೊದಲ ವಾರವೇ ಹಾಕಿದ್ದಾನೆ. ಕೋಣೆಯ ಬಾಗಿಲಿಗೆ ಹೊಸದಾಗಿ ಬಂದ ಹುಡುಗರಿಗಾಗಿ ಕನ್ನಡದಲ್ಲಿ ಬರೆದ ಒಂದು ಹಾಳೆ ಅಂಟಿಸಿದ್ದಾನೆ, ಪ್ರತಿ ಅಕ್ಷರಕ್ಕೂ ಅರ್ಥ, ಅದರ ಎದುರಿಗೆ ಕೊನೆಯ ದಿನಾಂಕ. ಮೊದಲ ಸಾಲು ಹೀಗಿದೆ: "ಎಸ್‌ಎಸ್‌ಪಿ – ಪೊಲೀಸ್ ಅಲ್ಲ. ಇವತ್ತೇ ಲಾಗಿನ್ ಆಗ್ರಿ."