ಹಾಜರಿ ಪುಸ್ತಕದಾಗ ಒಂದು ಹೊಸ ಹೆಸರು

ಹತ್ತನೇತ್ತೆ ಮುಗಿಸಿದ ಹುಡುಗರು ಪಿಯು ಕಾಲೇಜಿನ ಬಾಗಿಲಿಗೆ ಬಂದು ನಿಲ್ಲೋ ಹೊತ್ತಿದು. ಹಂಗಾಗಿ ಇವತ್ತು ‘ಡೇರ್‌ಡೆವಿಲ್ ಮುಸ್ತಫಾ’ ಬಗ್ಗೆ ಮಾತಾಡೋಣ. ಶಶಾಂಕ್ ಸೋಗಾಲ್ ನಿರ್ದೇಶನದ ಈ ಸಿನಿಮಾ ಬಂದದ್ದು 2023ರ ಮೇ ತಿಂಗಳಲ್ಲಿ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿರೋ ಸಣ್ಣ ಕತೆ ಇದಕ್ಕೆ ಮೂಲ. ದುಡ್ಡು ಹಾಕಿದವರು ತೇಜಸ್ವಿಯವರ ಓದುಗರೇ, ನೂರರ ಲೆಕ್ಕದಲ್ಲಿ. ಆಮೇಲೆ ನಟ ಧನಂಜಯ ಅದನ್ನು ಜನರ ಮುಂದಿಟ್ಟರು. ರಾಜ್ಯ ಸರ್ಕಾರ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು.

ಕತೆ ಇಷ್ಟೇ. ಮಲೆನಾಡಿನ ಅಬಚೂರಿನ ಕಾಲೇಜಿಗೆ ಒಬ್ಬನೇ ಒಬ್ಬ ಮುಸ್ಲಿಂ ಹುಡುಗ ಬರ್ತಾನೆ. ಅವನು ಹೆಂಗಿರಬಹುದು ಅಂತ ಹುಡುಗರ ತಲೆ ತುಂಬಾ ಊಹೆ. ರಾಮಾನುಜ ಅಯ್ಯಂಗಾರಿಗೂ ಅವನಿಗೂ ಜಿದ್ದು. ಆ ಜಿದ್ದು ಕರಗೋದಕ್ಕೆ ಯಾರ ಭಾಷಣವೂ ಬೇಕಾಗಲ್ಲ, ಕ್ರಿಕೆಟ್ ಸಾಕಾಗುತ್ತೆ. ನಗು ಹುಟ್ಟೋದು ಮುಸ್ತಫಾನಿಂದಲ್ಲ, ಅವನ ಬಗ್ಗೆ ಉಳಿದವರು ಕಟ್ಟಿಕೊಂಡ ಭಯದಿಂದ. ನನ್ನ ಪ್ರಕಾರ ಸಿನಿಮಾದ ಜಾಣತನ ಇರೋದು ಅಲ್ಲೇ. ಮಧ್ಯದಾಗ ಸ್ವಲ್ಪ ಎಳೆದಾರ, ಅದೂ ಖರೆ.

ಆದ್ರೆ ಇದನ್ನು ನಮ್ಮ ಮುಧೋಳದಾಗ ಕುಂತು ನೋಡಿದರ ಒಂದು ಪ್ರಶ್ನೆ ಬರ್ತದ. ಇಲ್ಲಿ ಮುಸ್ಲಿಮರು ಯಾರಿಗೂ ಹೊಸಬರಲ್ಲ. ಮೊಹರಂ ಬಂದ್ರ ಸುತ್ತಿನ ಹಳ್ಳಿಗಳಾಗ ಹಿಂದೂಗಳೇ ಫಕೀರರಾಗತಾರ, ಅಲಾಯಿ ಕುಣಿ ಸುತ್ತ ಹೆಜ್ಜೆ ಹಾಕತಾರ, ರಿವಾಯತ್ ಪದ ಹಾಡತಾರ. ಅಬಚೂರಿನ ಹುಡುಗರ ಅಂಜಿಕೆ ನಮಗ್ಯಾಕೆ ತಾಕಬೇಕು?

ತಾಕೋದು ಶಾಲೆಯ ಕಾರಣಕ್ಕ. ನಮ್ಮ ಕಡಿ ಊರುಗಳಾಗ ಕನ್ನಡ ಶಾಲೆ ಬೇರೆ, ಉರ್ದು ಶಾಲೆ ಬೇರೆ. ಸಂತ್ಯಾಗ, ಹೊಲದಾಗ ಅಪ್ಪಂದಿರು ದಿನಾ ಕೂಡತಾರ. ಮಕ್ಕಳು ಮಾತ್ರ ಎಂಟ್ಹತ್ತು ವರ್ಷ ಬೇರೆ ಬೇರೆ ಗೇಟಿನೊಳಗ ಹೋಗತಾರ. ಉರ್ದು ಮಾಧ್ಯಮದ ಹುಡುಗ ಕನ್ನಡ ಮಾಧ್ಯಮದವನ ಪಕ್ಕ ಮೊದಲ ಸಲ ಕೂಡೋದು ಹೈಸ್ಕೂಲಿನಾಗೋ ಪಿಯುಸಿಯಾಗೋ, ಮೀಸೆ ಚಿಗುರೋ ವಯಸ್ಸಿನಾಗ. ಅಷ್ಟೊತ್ತಿಗೆ ಮೊಬೈಲಿನಾಗ ಯಾರೋ ಕಳಿಸಿದ ವಿಡಿಯೊ ನೋಡಿ, ಪಕ್ಕದವನ ಬಗ್ಗೆ ಒಂದು ಅಭಿಪ್ರಾಯ ಆಗಿಬಿಟ್ಟಿರತದ. ಅಬಚೂರಿನ ಹುಡುಗರಿಗೆ ಗಾಳಿಮಾತು ಸಾಕಾಗಿತ್ತು, ಇವರಿಗೆ ಅದರ ಜೊತೆ ಫೋನೂ ಐತಿ.

ಹೈಸ್ಕೂಲ್, ಕಾಲೇಜು ಹುಡುಗರ ಸಿನಿಮಾ ಅಂದ್ರ ಪ್ರೀತಿ, ಪರೀಕ್ಷೆ, ಹೊಡೆದಾಟ ಅಂತ ನಾವು ತಿಳ್ಕೊಂಡೀವಿ. ಪಕ್ಕದ ಬೆಂಚಿನವನ ಜೋಡಿ ಡಬ್ಬಿ ಹಂಚ್ಕೊಳ್ಳೋದೂ ದೊಡ್ಡವರಾಗೋದರ ಒಂದು ಭಾಗ ಅಂತ ಈ ಸಿನಿಮಾ ತೋರಸ್ತದ, ಅದೂ ನಗಿಸ್ತಾನೇ. ಅಯ್ಯಂಗಾರಿಯಂಥ ಹೆಸರು ನಮ್ಮ ಹಾಜರಿ ಪುಸ್ತಕದಾಗ ಸಿಗಲಿಕ್ಕಿಲ್ಲ. ಅವನಂಥವ ಮಾತ್ರ ಪ್ರತಿ ಕ್ಲಾಸಿನ್ಯಾಗ ಒಬ್ಬ ಇರತಾನ, ಲಾಸ್ಟ್ ಬೆಂಚಿನಿಂದ ಎಲ್ಲರಿಗೂ ಹೆಸರಿಡಾಂವ.

ಮನ್ಯಾಗ ಪಿಯುಸಿ ಸೇರೋ ಮಕ್ಕಳಿದ್ರ ಮೊದಲು ಕತೆ ಓದಸ್ರಿ, ಭಾಳ ಹೊತ್ತು ಹಿಡಿಯೂದಿಲ್ಲ. ಆಮ್ಯಾಲ ಸಿನಿಮಾ ಹಾಕ್ರಿ, ಅವರ ಗೆಳೆಯರನ್ನೂ ಕರೀರಿ.